ನಿವೇಶನದ ತಾಯಿಪತ್ರ: ನೈಋತ್ಯ ಒಂಟಾರಿಯೊದ ಕನ್ನಡಿಗರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಕೆನಡಾದ ಈ ಒಂಟಾರಿಯೊ ಪ್ರಾಂತ್ಯದ ಲಂಡನ್, ವುಡ್‌ಸ್ಟಾಕ್, ಸೇಂಟ್ ಥಾಮಸ್, ಕಿಚನರ್, ವಾಟರ್‌ಲೂ ಮೊದಲಾದ ಊರುಗಳಲ್ಲಿ ಮನೆ ಮಾಡಿಕೊಂಡಿರುವ ಕನ್ನಡಿಗರಿಗೂ, ತಮ್ಮ ರಜಾದಿನಗಳನ್ನು ಕಳೆದುಕೊಂಡು ಇಲ್ಲಿನ ಸಂಘಗಳನ್ನು ನಡೆಸುತ್ತಿರುವ ಪದಾಧಿಕಾರಿಗಳಿಗೂ, ಅವರಲ್ಲಿಯೂ ಮುಖ್ಯವಾಗಿ ಸ್ಮರಣ ಸಂಚಿಕೆ ಸಿದ್ಧಪಡಿಸುವವರಿಗೂ ಈ ಪತ್ರ. ನನ್ನ ಕೋರಿಕೆಯನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದಿನ ಸಂಚಿಕೆಯಲ್ಲಿ ಹತ್ತು ಹನ್ನೆರಡು ಪುಟಗಳನ್ನು ಖಾಲಿ ಬಿಟ್ಟಿಡಿ. ನಮ್ಮ ನಮ್ಮ ಮನೆಗಳು ನಿಂತಿರುವ ನಿವೇಶನಗಳ ಚರಿತ್ರೆಯನ್ನು, ಅದು ಎಷ್ಟು ಹಿಂದಕ್ಕೆ ಹೋಗುತ್ತದೆಯೋ ಅಷ್ಟು ಹಿಂದಿನಿಂದ ಹಿಡಿದು, ಕನ್ನಡದಲ್ಲಿ ಬರೆದು ಆ ಪುಟಗಳಲ್ಲಿ ಅಚ್ಚು ಹಾಕೋಣ. ಈ ಆಲೋಚನೆ ನನ್ನದಲ್ಲ. ಇದೇ ಲಂಡನ್ನಿನ ವೆಸ್ಟನ್ ಬೀದಿಯಲ್ಲಿದ್ದ ಗ್ರೆಗ್ ಕರ್ನೋ ಎಂಬ ಚಿತ್ರಕಾರರು ತಮ್ಮ ಮನೆಯ ಬಗ್ಗೆ ಮಾಡಿದ ಕೆಲಸವನ್ನು ನೋಡಿ ನನಗೆ ಹೊಳೆದದ್ದು.

ಕೆನಡಾದ ಕಲೆ ಎಂದ ಕೂಡಲೇ ನಮ್ಮಲ್ಲಿ ಬಹುಪಾಲು ಜನರ ಕಣ್ಣಿಗೆ ಕಟ್ಟುವುದು ಟಾಮ್ ಥಾಮ್ಸನ್ ಬಿಡಿಸಿದ ಸರೋವರದ ಅಂಚಿನ ಪೈನ್ ಮರ ಮತ್ತು 1920ರಲ್ಲಿ ಟೊರೊಂಟೊದಲ್ಲಿ ಒಂದುಗೂಡಿದ ‘ಗ್ರೂಪ್ ಆಫ್ ಸೆವೆನ್’ ಚಿತ್ರಕಾರರ ಬೆಟ್ಟ, ಹಿಮ, ಕೆಂಪೇರಿದ ಕಾಡು. ಅವು ದೊಡ್ಡ ಚಿತ್ರಗಳು, ಅದರಲ್ಲಿ ಎರಡು ಮಾತಿಲ್ಲ. ಕ್ಯಾಲೆಂಡರಿಗೂ ಒಪ್ಪುತ್ತವೆ, ನಮ್ಮ ಸಂಚಿಕೆಗಳ ರಕ್ಷಾಪುಟಕ್ಕೂ ಒಪ್ಪುತ್ತವೆ. ಆದರೆ ಅವುಗಳಲ್ಲಿ ಮನುಷ್ಯರು ಅಪರೂಪ; ಆ ಕಾಡು ಸರೋವರಗಳ ನಡುವೆ ಸಾವಿರಾರು ವರ್ಷ ಬದುಕಿದವರಂತೂ ಇನ್ನೂ ಅಪರೂಪ. ಆ ಚಿತ್ರಗಳನ್ನಷ್ಟೇ ನೋಡಿದವನಿಗೆ, ಈ ನೆಲ ಖಾಲಿ ಇತ್ತು, ಬಂದವರು ಬಂದು ತುಂಬಿಕೊಂಡರು ಎಂಬ ಭಾವನೆ ಮೂಡಿದರೆ ಅದು ಅವನ ತಪ್ಪಲ್ಲ. ಹೊಸದಾಗಿ ಬಂದ ನಮಗೆ ಆ ಭಾವನೆ ಅನುಕೂಲವೂ ಹೌದು ಎಂಬುದನ್ನು ಸಂಕೋಚದಿಂದಲೇ ಸೇರಿಸುತ್ತೇನೆ.

ಕರ್ನೋ ಹುಟ್ಟಿದ್ದು 1936ರಲ್ಲಿ, ಲಂಡನ್ನಿನಲ್ಲಿಯೇ. ಇಲ್ಲಿನ ಬೀಲ್ ತಾಂತ್ರಿಕ ಶಾಲೆಯಲ್ಲಿ ಕಲಿತು, ಟೊರೊಂಟೊದ ಕಲಾ ಕಾಲೇಜು ಸೇರಿ, ಕೊನೆಯ ವರ್ಷ ನಪಾಸಾಗಿ, 1960ರಲ್ಲಿ ಊರಿಗೆ ಮರಳಿದರು. ಚಿತ್ರಕಾರನಾಗಬೇಕಾದವನು ಲಂಡನ್ ಬಿಟ್ಟು ಹೋಗಬೇಕು ಎಂಬುದು ಅದುವರೆಗಿನ ರೂಢಿ. ಹತ್ತೊಂಬತ್ತನೆಯ ಶತಮಾನದಲ್ಲಿ ಇದೇ ಊರಿನ ಪಾಲ್ ಪೀಲ್ ಪ್ಯಾರಿಸ್ಸಿಗೆ ಹೋಗಿಯೇ ಹೆಸರು ಮಾಡಿದ್ದರು. ಕರ್ನೋ ಆ ರೂಢಿಯನ್ನು ತಿರುಗಿಸಿ ಹಾಕಿದರು. 1961ರಲ್ಲಿ ‘ರೀಜನ್’, ಅಂದರೆ ‘ಪ್ರದೇಶ’, ಎಂಬ ಸಣ್ಣ ಪತ್ರಿಕೆ ಆರಂಭಿಸಿದರು, ಮರುವರ್ಷ ಅದೇ ಹೆಸರಿನ ಗ್ಯಾಲರಿಯನ್ನು ಗೆಳೆಯರ ಜೊತೆ ಸೇರಿ ತೆರೆದರು. 1965ರಲ್ಲಿ ಸಂಗೀತ ಬಾರದವರೇ ಸೇರಿ, ತಾವೇ ಮಾಡಿಕೊಂಡ ವಾದ್ಯಗಳನ್ನು ಬಾರಿಸುವ ಒಂದು ಮೇಳವನ್ನೂ ಕಟ್ಟಿದರು. ಆ ಮೇಳದ ಸದ್ದನ್ನು ನಾನು ಧ್ವನಿಮುದ್ರಣದಲ್ಲಿ ಕೇಳಿದ್ದೇನೆ; ಪೂರ್ತಿ ಕೇಳಿದ್ದೇನೆ ಎಂದು ಹೇಳಲಾರೆ.

‘ರೀಜನ್’ ಎಂಬ ಹೆಸರಿನ ಹಿಂದಿನ ಹಟ ಕನ್ನಡ ಓದುಗರಿಗೆ ವಿವರಿಸಿ ಹೇಳಬೇಕಾಗಿಲ್ಲ. ‘ಪ್ರಾದೇಶಿಕ ಭಾಷೆ’, ‘ಪ್ರಾದೇಶಿಕ ಸಾಹಿತ್ಯ’ ಎಂಬ ಮಾತುಗಳನ್ನು ದೆಹಲಿಯ ಬಾಯಿಂದ ಕೇಳಿದಾಗ ಅದರಲ್ಲಿ ಅಡಗಿರುವ ಅಳತೆಗೋಲು ಯಾವುದೆಂದು ನಮಗೆ ಗೊತ್ತಾಗುತ್ತದೆ. ಟೊರೊಂಟೊ ಮತ್ತು ನ್ಯೂಯಾರ್ಕಿನ ಅಳತೆಯಲ್ಲಿ ಲಂಡನ್ನಿನವರು ಪ್ರಾದೇಶಿಕರು. ಕರ್ನೋ ಆ ಬೈಗುಳವನ್ನು ಎತ್ತಿಕೊಂಡು ತಮ್ಮ ಬಾಗಿಲಿನ ಮೇಲೆ ಫಲಕವಾಗಿ ಬರೆದುಕೊಂಡರು. 1972ರಲ್ಲಿ ಅವರು ಬರೆದ ಉತ್ತರ ಅಮೆರಿಕದ ಭೂಪಟದಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನವೇ ಇಲ್ಲ. ಕೆನಡಾದ ದಕ್ಷಿಣ ಗಡಿ ನೇರವಾಗಿ ಮೆಕ್ಸಿಕೊಗೆ ಹೋಗಿ ಅಂಟಿಕೊಂಡಿದೆ. ಇದು ತಮಾಷೆಯೂ ಹೌದು, ಸ್ವಲ್ಪ ಹುಡುಗಾಟವೂ ಹೌದು. 1968ರಲ್ಲಿ ಮಾಂಟ್ರಿಯಲ್‌ನ ಡಾರ್ವಲ್ ವಿಮಾನ ನಿಲ್ದಾಣಕ್ಕಾಗಿ ಅವರು ಮಾಡಿದ ದೊಡ್ಡ ಭಿತ್ತಿಚಿತ್ರದಲ್ಲಿ ಅಮೆರಿಕದ ಯುದ್ಧವನ್ನು ಟೀಕಿಸುವ ಅಂಶಗಳಿವೆ ಎಂದು ತಕರಾರು ಬಂದು, ಅದನ್ನು ಅಲ್ಲಿಂದ ಇಳಿಸಿಬಿಟ್ಟರು.

ಆದರೆ ನಾನು ನಿಮ್ಮನ್ನು ನಿಲ್ಲಿಸಿ ತೋರಿಸಬೇಕೆಂದಿರುವುದು ಬೇರೊಂದನ್ನು. 1968ರಲ್ಲಿ ಅವರು ಥೇಮ್ಸ್ ನದಿಯ ದಕ್ಷಿಣ ದಂಡೆಯ ವೆಸ್ಟನ್ ಬೀದಿಯಲ್ಲಿ, ಹಿಂದೊಮ್ಮೆ ಶಿಲಾಮುದ್ರಣದ ಕಾರ್ಖಾನೆಯಾಗಿದ್ದ ಕಟ್ಟಡವನ್ನು ಕೊಂಡು, ಮನೆಯನ್ನೂ ಚಿತ್ರ ಬಿಡಿಸುವ ಸ್ಟುಡಿಯೊವನ್ನೂ ಅಲ್ಲಿಯೇ ಮಾಡಿಕೊಂಡರು. ಅಲ್ಲಿನ ಕಿಟಕಿಯಿಂದ ನೋಡಿದರೆ ನದಿಯಾಚೆ ವಿಕ್ಟೋರಿಯಾ ಆಸ್ಪತ್ರೆ ಕಾಣುತ್ತಿತ್ತು. ಅವರು ಹುಟ್ಟಿದ ಆಸ್ಪತ್ರೆ ಅದು. ಆ ನೋಟವನ್ನು ಅವರು ಎರಡು ಬಾರಿ ಚಿತ್ರಿಸಿದರು. ಮೊದಲನೆಯ ಸಲ ಬಣ್ಣವೇ ಇಲ್ಲ, ಕಟ್ಟಡವೂ ಇಲ್ಲ. ಬಿಳಿಯ ಕ್ಯಾನ್‌ವಾಸುಗಳ ಮೇಲೆ ರಬ್ಬರ್ ಮೊಹರಿನ ಅಕ್ಷರಗಳನ್ನು ಒಂದೊಂದಾಗಿ ಒತ್ತಿ, ಕಿಟಕಿಯಿಂದ ಏನೇನು ಕಾಣುತ್ತದೆ ಎಂಬುದನ್ನು ಮಾತಿನಲ್ಲಿ ಬರೆದಿಟ್ಟರು. ಅಂಚೆ ಕಚೇರಿಯಲ್ಲಿ, ತಾಲ್ಲೂಕು ಕಚೇರಿಯಲ್ಲಿ ಬಳಸುವಂಥ ಮೊಹರಿನ ಅಕ್ಷರಗಳು. ಎರಡನೆಯ ಸಲ, 1969ರಿಂದ 1971ರವರೆಗೆ, ಸುಮಾರು ಎಂಟು ಅಡಿ ಎತ್ತರ, ಹದಿನಾರು ಅಡಿ ಅಗಲದ ಚಿತ್ರದಲ್ಲಿ ಆಸ್ಪತ್ರೆಯನ್ನೂ ಮರಗಳನ್ನೂ ಗಾಢ ಬಣ್ಣದಲ್ಲಿ ಬಿಡಿಸಿದರು. ಚಿತ್ರದ ಮೈಮೇಲೆ ಅಲ್ಲಲ್ಲಿ ಸಣ್ಣ ಸಣ್ಣ ಅಂಕಿಗಳಿವೆ, ಆ ಅಂಕಿಗಳಿಗೆ ಹೊಂದುವ ಒಂದು ಟಿಪ್ಪಣಿ ಪುಸ್ತಕವಿದೆ. ಕೆಲಸ ನಡೆದಿದ್ದಷ್ಟು ಕಾಲ ಕಿಟಕಿಯಾಚೆ ಕಂಡದ್ದು ಅದರಲ್ಲಿ ದಾಖಲಾಗಿದೆ. ಕಿಟಕಿಯಿಂದ ಕೇಳಿದ ಸದ್ದನ್ನು ಟೇಪಿನಲ್ಲಿ ಹಿಡಿದು ಚಿತ್ರದೊಳಕ್ಕೇ ಸ್ಪೀಕರುಗಳನ್ನು ಕೂಡಿಸಿದ್ದಾರೆ. ಅಂದರೆ ಅದು ನೋಟವೂ ಹೌದು, ದಿನಚರಿಯೂ ಹೌದು, ದಫ್ತರವೂ ಹೌದು. ನದಿದಂಡೆಯ ಆ ಹಳೆಯ ಆಸ್ಪತ್ರೆಯ ಬಹುಭಾಗವನ್ನು ಈಚಿನ ವರ್ಷಗಳಲ್ಲಿ ಕೆಡವಿದ್ದಾರೆ. ಈಗ ಆ ಕಿಟಕಿಯಿಂದ ನೋಡಿದರೆ ಕರ್ನೋ ಬರೆದಿಟ್ಟದ್ದು ಕಾಣಲಾರದು. ಬರೆದಿಟ್ಟದ್ದು ಮಾತ್ರ ಉಳಿದಿದೆ.

ಕರ್ನೋ ಒಬ್ಬರೇ ಅಲ್ಲ. ನಮ್ಮಲ್ಲಿ ಅನೇಕರು ವಾರಕ್ಕೊಮ್ಮೆಯಾದರೂ ಟೊರೊಂಟೊ ಕಡೆಗೆ ಕಾರು ಓಡಿಸುವ 401 ಹೆದ್ದಾರಿಯನ್ನು ಜಗತ್ತಿನ ಕಲೆಯೊಳಕ್ಕೆ ತಂದವರು ಇದೇ ಊರಿನ ಜ್ಯಾಕ್ ಚೇಂಬರ್ಸ್. ಮ್ಯಾಡ್ರಿಡ್‌ನಲ್ಲಿ ವರ್ಷಗಟ್ಟಲೆ ಕಲಿತು, ಅಲ್ಲಿಯೇ ನೆಲೆಸುವ ಮನಸ್ಸಿನಲ್ಲಿದ್ದವರು, ತಾಯಿಗೆ ಕಾಯಿಲೆಯೆಂದು 1961ರಲ್ಲಿ ಲಂಡನ್ನಿಗೆ ಬಂದರು, ಮತ್ತೆ ಹೋಗಲಿಲ್ಲ. ಒಂದು ದಿನ ವುಡ್‌ಸ್ಟಾಕ್ ಬಳಿಯ ಮೇಲ್ಸೇತುವೆ ದಾಟುವಾಗ ಕಾರಿನ ಹಿನ್ನೋಟದ ಕನ್ನಡಿಯಲ್ಲಿ ಕಂಡ ದೃಶ್ಯ ಅವರನ್ನು ಹಿಡಿದು ನಿಲ್ಲಿಸಿತು. ಆಮೇಲೆ ಅಲ್ಲಿಗೆ ಮರಳಿ, ಫೋಟೊ ತೆಗೆದುಕೊಂಡು, 1968–69ರಲ್ಲಿ ಅದನ್ನು ಚಿತ್ರ ಮಾಡಿದರು. ದೊಡ್ಡ ಆಕಾಶ, ಎರಡು ಡಾಂಬರು ಪಟ್ಟಿ, ಬಿಡುವಾದ ಹೊಲ, ದೂರದಲ್ಲೊಂದು ಲಾರಿ. ಅದು ಟೊರೊಂಟೊದ ಆರ್ಟ್ ಗ್ಯಾಲರಿ ಆಫ್ ಒಂಟಾರಿಯೊದಲ್ಲಿದೆ. ಅದೇ ಹೊತ್ತಿನಲ್ಲಿ ಅವರಿಗೆ ರಕ್ತದ ಕ್ಯಾನ್ಸರ್ ಎಂದು ತಿಳಿಯಿತು, 1978ರಲ್ಲಿ ತೀರಿಕೊಂಡರು. 1954ರಲ್ಲಿ ದಾರಿತಪ್ಪಿ ಊರೊಳಗೆ ನುಗ್ಗಿ ಕೊಲೆಯಾದ ಒಂದು ಜಿಂಕೆಯ ಹಳೆಯ ಸುದ್ದಿತುಣುಕಿನಿಂದ ಅವರ 1970ರ ಚಲನಚಿತ್ರ ಆರಂಭವಾಗುತ್ತದೆ. ಊರಿನ ಒಂದು ಚಿಲ್ಲರೆ ಸುದ್ದಿಯಿಂದ ಅವರು ಹುಟ್ಟು ಸಾವುಗಳವರೆಗೆ ಹೋಗುತ್ತಾರೆ. ನನ್ನ ಎಣಿಕೆಯಲ್ಲಿ ಚೇಂಬರ್ಸ್ ಕರ್ನೋಗಿಂತ ದೊಡ್ಡ ಚಿತ್ರಕಾರ; ಆದರೆ ನಮ್ಮ ಈಗಿನ ಕೆಲಸಕ್ಕೆ ಬೇಕಾದವರು ಕರ್ನೋ.

ಇಲ್ಲಿ ಒಂದು ಮಾತನ್ನು ಹಾದಿಯ ಪಕ್ಕಕ್ಕೆ ಸರಿದಾದರೂ ಹೇಳಬೇಕು. 1967ರಲ್ಲಿ ಒಟ್ಟಾವದ ರಾಷ್ಟ್ರೀಯ ಗ್ಯಾಲರಿಯು ಕಲಾವಿದರ ಚಿತ್ರಗಳನ್ನು ಶುಲ್ಕವಿಲ್ಲದೆ ಪ್ರತಿ ಮಾಡಿಕೊಳ್ಳಲು ಅನುಮತಿ ಕೇಳಿ ಪತ್ರ ಕಳಿಸಿದಾಗ ಚೇಂಬರ್ಸ್ ಒಪ್ಪಲಿಲ್ಲ. ದೇಶದ ಕಲಾವಿದರಿಗೆಲ್ಲ ಬರೆದರು. ಟೋನಿ ಅರ್ಕಾರ್ಟ್ ಮತ್ತು ಕಿಮ್ ಒಂಡಾಟ್ಜಿಯವರೊಂದಿಗೆ 1968ರಲ್ಲಿ ಲಂಡನ್ನಿನಲ್ಲಿಯೇ ಕಲಾವಿದರ ಸಂಘಟನೆಯೊಂದನ್ನು ಹುಟ್ಟುಹಾಕಿದರು. ಅದೇ ಮುಂದೆ ‘ಕಾರ್‌ಫ್ಯಾಕ್’ ಎಂದು ಹೆಸರಾಯಿತು. ಕಲಾಕೃತಿಯನ್ನು ಸಾರ್ವಜನಿಕವಾಗಿ ಪ್ರದರ್ಶಿಸಿದರೆ ಕಲಾವಿದನಿಗೆ ಹಣ ಸಲ್ಲಬೇಕೆಂಬ ಹಕ್ಕು 1988ರಲ್ಲಿ ಕೆನಡಾದ ಕೃತಿಸ್ವಾಮ್ಯ ಕಾಯ್ದೆಯೊಳಕ್ಕೆ ಸೇರಿದ್ದರ ಹಿಂದೆ ಈ ಊರಿನ ಹಟವಿದೆ. ನಮ್ಮ ಉತ್ಸವಗಳಿಗೆ ಸ್ಥಳೀಯ ಕಲಾವಿದರನ್ನು ಕರೆದು ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಪೆಟ್ರೋಲಿನ ಖರ್ಚನ್ನೂ ಕೊಡದೆ ಕಳಿಸುವ ನಾವು ಇದನ್ನು ತಿಳಿದಿರುವುದು ಒಳ್ಳೆಯದು.

ಈಗ ನಿವೇಶನದ ವಿಷಯ. 1990ರ ಸುಮಾರಿಗೆ ಕರ್ನೋ ತಮ್ಮ ವೆಸ್ಟನ್ ಬೀದಿಯ ನೆಲದ ಕಾಗದಪತ್ರ ಹಿಡಿದು ಹಿಂದಕ್ಕೆ ನಡೆಯತೊಡಗಿದರು. ನೋಂದಣಿ ಕಚೇರಿಯ ದಾಖಲೆ, ಊರಿನ ಹಳೆಯ ಡೈರೆಕ್ಟರಿ, ಸರ್ವೆ ನಕ್ಷೆ, ನೆರೆಹೊರೆಯ ಹಿರಿಯರ ನೆನಪು, ಯಾವುದನ್ನೂ ಬಿಡಲಿಲ್ಲ. ಕೊಂಡವರು, ಮಾರಿದವರು, ಅಡವಿಟ್ಟವರು, ಬಾಡಿಗೆಗೆ ಇದ್ದವರು, ಎಲ್ಲರೂ ಪಟ್ಟಿಗೆ ಬಂದರು. ಆ ಹೆಸರುಗಳನ್ನು ಮತ್ತೆ ಅದೇ ರಬ್ಬರ್ ಮೊಹರಿನಲ್ಲಿ ಒತ್ತಿ ಬಣ್ಣದ ದೊಡ್ಡ ಹಾಳೆಗಳನ್ನು ಮಾಡಿದರು. 1992ರ ನವೆಂಬರ್ 14ರಂದು, ತಮ್ಮ ಸೈಕಲ್ ಕ್ಲಬ್ಬಿನ ಗೆಳೆಯರೊಂದಿಗೆ ಬೆಳಗಿನ ಸವಾರಿ ಹೊರಟಿದ್ದಾಗ ಟ್ರಕ್ಕೊಂದು ಬಡಿದು ಸತ್ತರು. ಐವತ್ತಾರು ತುಂಬಲು ಐದು ದಿನ ಬಾಕಿ ಇತ್ತು. ಅವರು ಬಿಟ್ಟುಹೋದ ಟಿಪ್ಪಣಿಗಳು ‘ಡೀಡ್ಸ್/ಆಬ್‌ಸ್ಟ್ರಾಕ್ಟ್ಸ್’ ಎಂಬ ಪುಸ್ತಕವಾಗಿ 1995ರಲ್ಲಿ ಹೊರಬಂದವು.

ಆ ಪುಸ್ತಕದ ಬೆಲೆ ಏನೆಂದು ನನಗೆ ಅರ್ಥವಾದದ್ದು ನನ್ನದೇ ಮನೆಯ ದಾಖಲೆಯನ್ನು ತೆಗೆದು ನೋಡಿದಾಗ. ಒಂಟಾರಿಯೊದ ಭೂನೋಂದಣಿಯ ಹಳೆಯ ಪುಸ್ತಕಗಳು ಈಗ ‘ಆನ್‌ಲ್ಯಾಂಡ್’ ಎಂಬ ಸರ್ಕಾರಿ ಜಾಲತಾಣದಲ್ಲಿ ಸಿಗುತ್ತವೆ. ಮನೆ ಕೂತಿರುವ ಕನ್ಸೆಷನ್ (ಸರ್ವೆಯ ಪಟ್ಟಿ) ಮತ್ತು ಲಾಟ್ (ಆ ಪಟ್ಟಿಯೊಳಗಿನ ತುಂಡು) ನಂಬರು ಗೊತ್ತಿದ್ದರೆ ಸಾಕು, ಇಲ್ಲಿ ‘ಆಬ್‌ಸ್ಟ್ರಾಕ್ಟ್ ಇಂಡೆಕ್ಸ್’ ಎನ್ನುವ ಪುಟ ತೆರೆಯುತ್ತದೆ. ನಮ್ಮಲ್ಲಿ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಇ.ಸಿ. ತೆಗೆಸಿದವರಿಗೆ ಅದು ಹೊಸದಲ್ಲ: ದಸ್ತಾವೇಜಿನ ನಂಬರು, ಬಗೆ, ತಾರೀಕು, ಬರೆದುಕೊಟ್ಟವರು, ಬರೆಸಿಕೊಂಡವರು, ವಿಸ್ತೀರ್ಣ, ಮೊಬಲಗು ಎಂದು ಸಾಲು ಸಾಲಾಗಿ ಗುಮಾಸ್ತನ ಓರೆಯಕ್ಷರ. ಅಡವು, ಬಿಡುಗಡೆ, ಮತ್ತೆ ಅಡವು. ಶಾಯಿ ಚೆಲ್ಲಿದ ಕಲೆಯೊಂದು ಎರಡು ಹೆಸರುಗಳನ್ನು ನುಂಗಿದೆ. ಸಾಲುಗಳನ್ನು ಹಿಡಿದು ಮೇಲಕ್ಕೆ ಮೇಲಕ್ಕೆ ಹೋದರೆ ಮೊಟ್ಟಮೊದಲ ಸಾಲಿನಲ್ಲಿ ‘ಪೇಟೆಂಟ್’, ಅಂದರೆ ದೊರೆ ಕೊಟ್ಟ ಮೊದಲ ಪತ್ರ, ಎಂದಿದೆ, ಬರೆದುಕೊಟ್ಟವರ ಅಂಕಣದಲ್ಲಿ ‘ಕ್ರೌನ್’, ಅಂದರೆ ದೊರೆ, ಎಂದಿದೆ. ಅದರ ಮೇಲೆ ಬರಿಯ ಗೆರೆ. ತಾಯಿಪತ್ರ ಎಂದು ನಾವು ಯಾವುದನ್ನು ಕರೆಯುತ್ತೇವೋ ಅದು ಈ ಪ್ರಾಂತ್ಯದಲ್ಲಿ ಸಾಮಾನ್ಯವಾಗಿ ಅಲ್ಲಿಗೆ ನಿಲ್ಲುತ್ತದೆ. ದೊರೆಗೆ ಅದು ಎಲ್ಲಿಂದ ಬಂತು ಎಂಬುದಕ್ಕೆ ಆ ಪುಟದಲ್ಲಿ ಅಂಕಣವಿಲ್ಲ.

ಕರ್ನೋ ಆ ಗೆರೆಯ ಮೇಲಕ್ಕೆ ಹೋದರು. ಥೇಮ್ಸ್ ನದಿಯ ದಕ್ಷಿಣದ ನೆಲವನ್ನು 1790ರ ಮೇ ತಿಂಗಳ ಮೆಕ್‌ಕೀ ಒಪ್ಪಂದದಲ್ಲಿ, ಉತ್ತರದ ಲಂಡನ್ ಟೌನ್‌ಶಿಪ್ಪನ್ನು 1796ರ ಸೆಪ್ಟೆಂಬರ್ 7ರ ಒಪ್ಪಂದದಲ್ಲಿ ಬ್ರಿಟಿಷರು ಇಲ್ಲಿನ ಮೂಲ ಜನರಿಂದ ಬರೆಸಿಕೊಂಡರು. ಎರಡರಲ್ಲಿಯೂ ಕೊಟ್ಟದ್ದು 1,200 ಪೌಂಡು ಬೆಲೆಯ ಸರಕು, ಹಣವಲ್ಲ, ಸರಕು. 1790ರ ಪತ್ರದಲ್ಲಿ ನಾಯಕರು ಹಾಕಿದ ಗುರುತುಗಳು ನಮ್ಮ ಹೆಬ್ಬೆಟ್ಟಿನಂತಲ್ಲ. ಅನೇಕರು ತಮ್ಮ ಬಳಿಯ (ಕುಲದ) ಲಾಂಛನವಾದ ಪ್ರಾಣಿಯನ್ನು ಶಾಯಿಯಲ್ಲಿ ಬಿಡಿಸಿದ್ದಾರೆ. ಬಳಿ, ಬೆಡಗು ಎಂಬ ಮಾತುಗಳು ಇನ್ನೂ ಬಳಕೆಯಲ್ಲಿರುವ ಕನ್ನಡ ಕುಲಗಳಿಂದ ಬಂದವರಿಗೆ ಆ ಸಹಿಗಳನ್ನು ಓದಲು ಬೇರೆಯವರಿಗಿಂತ ಕಡಿಮೆ ಶ್ರಮ ಸಾಕು ಎಂದು ನನಗೆ ಅನ್ನಿಸುತ್ತದೆ. ಅಂಥ ಹೆಸರುಗಳನ್ನು ಕರ್ನೋ ಒಂದೊಂದಾಗಿ ಕಲೆಹಾಕಿದರು. ಆ ಪಟ್ಟಿಯೂ ಅವರ ಮರಣಾನಂತರ 1996ರಲ್ಲಿ ಬೇರೆ ಪುಸ್ತಕವಾಗಿ ಬಂತು. ಕಲಾಜೀವನದ ಸುಮಾರು ಮೂವತ್ತು ವರ್ಷ ‘ನನ್ನ ಪ್ರದೇಶ’ ಎಂದು ಎದೆತಟ್ಟಿ ಹೇಳಿದ ಮನುಷ್ಯ, ಆ ಪ್ರದೇಶ ತನಗಿಂತ ಮೊದಲು ಯಾರದಾಗಿತ್ತು ಎಂದು ಕೇಳಲು ಐವತ್ತು ದಾಟಬೇಕಾಯಿತು. ಇದನ್ನು ಅವರ ಕೊರತೆ ಎನ್ನುವವರಿದ್ದರೆ ನಾನು ವಾದಿಸುವುದಿಲ್ಲ. ತಡವಾಗಿಯಾದರೂ ಕೇಳಿದರು, ಕೇಳಿದ ಮೇಲೆ ಹೆಸರು ಹೆಸರಾಗಿ ಬರೆದರು.

‘ಯಾವ ಲಂಡನ್?’ ಎಂದು ಊರಿನ ಬಂಧುಗಳು ನಮ್ಮನ್ನು ಕೇಳುತ್ತಾರಲ್ಲ, ಆ ಗೊಂದಲವನ್ನು ತಂದವರು 1793ರಲ್ಲಿ ಇಲ್ಲಿಗೆ ಬಂದ ಲೆಫ್ಟಿನೆಂಟ್ ಗವರ್ನರ್ ಸಿಮ್ಕೊ. ನದಿಗೆ ಥೇಮ್ಸ್ ಎಂದೂ, ಅದರ ಕವಲಿನ ಜಾಗಕ್ಕೆ ಲಂಡನ್ ಎಂದೂ ಹೆಸರಿಟ್ಟರು. ಊರು ಹುಟ್ಟಿದ್ದು 1826ರಲ್ಲಿ. ಬೀದಿಗಳಿಗೆ ಆಕ್ಸ್‌ಫರ್ಡ್, ಪಾಲ್ ಮಾಲ್, ಪಿಕಡಿಲಿ ಎಂಬ ಹೆಸರುಗಳು ಬಂದವು. ನದಿಗೆ ಇಲ್ಲಿನ ಮೂಲ ಜನರಾದ ಅನಿಶಿನಾಬೆಯವರ ಭಾಷೆಯಲ್ಲಿ ದೆಶ್ಕನ್ ಜೀಬಿ, ಅಂದರೆ ಕೊಂಬಿನ ಹೊಳೆ, ಎಂಬ ಹೆಸರಿದೆ. ‘ಇತ್ತು’ ಎಂದು ಬರೆಯಲಾರೆ, ಏಕೆಂದರೆ ಆ ಹೆಸರಿನಿಂದ ಕರೆಯುವ ಜನ ಇಲ್ಲಿಂದ ಅರ್ಧ ಗಂಟೆಯ ದಾರಿಯಲ್ಲಿ, ಅದೇ ನದಿಯ ದಂಡೆಯ ಮೇಲೆ ಈಗಲೂ ಬದುಕುತ್ತಿದ್ದಾರೆ. ನಮ್ಮ ರಾಜ್ಯೋತ್ಸವದ ವೇದಿಕೆಯಲ್ಲಿ ಆರಂಭಕ್ಕೆ ನೆಲದ ಒಡೆತನವನ್ನು ನೆನೆಯುವ ನಾಲ್ಕು ಸಾಲು ಓದುತ್ತೇವೆ. ಅನಿಶಿನಾಬೆಕ್, ಹೌಡೆನೊಸೌನಿ, ಲೆನಾಪೆ, ಅಟ್ಟವಂಡರಾನ್ ಎಂಬ ಹೆಸರುಗಳಲ್ಲಿ ನಾಲಿಗೆ ಎಡವುತ್ತದೆ; ಅಷ್ಟರಲ್ಲಿ ದೀಪ ಬೆಳಗಿಸಲು ಅತಿಥಿಗಳನ್ನು ಕರೆಯುವ ಹೊತ್ತಾಗುತ್ತದೆ. ಓದುವುದು ತಪ್ಪಲ್ಲ. ಆದರೆ ಆ ನಾಲ್ಕು ಸಾಲು ಬೇರೆ ಯಾರೋ ಬರೆದುಕೊಟ್ಟದ್ದು, ಎಲ್ಲ ಸಭೆಗೂ ಒಂದೇ. ನನ್ನ ಕೋರಿಕೆಯ ಪುಟಗಳು ಹಾಗಿರಲಾರವು. ಒಂದು ಮನೆಯದು ಇನ್ನೊಂದು ಮನೆಗೆ ಹೊಂದುವುದಿಲ್ಲ.

‘ನಾವು ನಿನ್ನೆ ಮೊನ್ನೆ ಬಂದವರು, ಇದೆಲ್ಲ ನಮಗೇಕೆ?’ ಎಂಬ ಮಾತನ್ನು ಈಗಾಗಲೇ ಒಂದಿಬ್ಬರು ಹಿರಿಯರು ನನಗೆ ಹೇಳಿದ್ದಾರೆ. ಕ್ರಯಪತ್ರಕ್ಕೆ ಸಹಿ ಹಾಕಿದ ದಿನವೇ ಆ ಪಟ್ಟಿಯ ಕೊನೆಯ ಸಾಲಿನಲ್ಲಿ ನಮ್ಮ ಹೆಸರು ಸೇರಿಹೋಗಿದೆ. ಬಂದು ಎಷ್ಟು ವರ್ಷವಾಯಿತೆಂದು ಆ ಪುಸ್ತಕ ಕೇಳುವುದಿಲ್ಲ. ಅಲ್ಲದೆ ಈ ವಿದ್ಯೆ ನಮಗೆ ಹೊಸದೂ ಅಲ್ಲ. ದಾನಶಾಸನ ಕೊರೆದವರು ದತ್ತಿಯ ಭೂಮಿಗೆ ಎಲ್ಲೆ ಹೇಳುವಾಗ ಹುಣಸೆಮರ, ಹುತ್ತ, ನೀರಿನ ಕಾಲುವೆ, ಕುಳಿಯ ಕಲ್ಲು ಯಾವುದನ್ನೂ ಬಿಡುತ್ತಿರಲಿಲ್ಲ. ಕರ್ನಲ್ ಮೆಕೆಂಜಿ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಸರ್ವೆ ಮಾಡುತ್ತಲೇ ಊರೂರಿನ ಕೈಫಿಯತ್ತುಗಳನ್ನು ಸಂಗ್ರಹಿಸಿದಾಗ, ನಮ್ಮ ಊರು ಹೇಗಾಯಿತು, ಯಾರು ಮೊದಲು ಬಂದರು ಎಂದು ಹೇಳಲು ಶಾನುಭೋಗರ ಬಳಿ ಮಾತಿತ್ತು. ಇಂದಿಗೂ ಕ್ರಯಪತ್ರದ ಕೊನೆಗೆ ಚಕ್ಕುಬಂದಿ ಬರೆಯದೆ ನಮ್ಮ ಬರಹಗಾರರು ಏಳುವುದಿಲ್ಲ.

ಕೆಲಸಕ್ಕೆ ಬೇಕಾದದ್ದು ಹೆಚ್ಚಿಲ್ಲ. ನೋಂದಣಿಯ ಪುಟಗಳು ಜಾಲತಾಣದಲ್ಲಿವೆ. ಡಂಡಾಸ್ ಬೀದಿಯ ಕೇಂದ್ರ ಗ್ರಂಥಾಲಯದ ಲಂಡನ್ ರೂಮಿನಲ್ಲಿ ಹಳೆಯ ಡೈರೆಕ್ಟರಿಗಳೂ ನಕ್ಷೆಗಳೂ ಇವೆ; ಅಲ್ಲಿನ ಸಿಬ್ಬಂದಿ ತಾಳ್ಮೆಯಿಂದ ತೋರಿಸುತ್ತಾರೆ. ಹದಿಹರೆಯದ ಮಕ್ಕಳನ್ನು ಜೊತೆಗೆ ಕರೆದುಕೊಂಡು ಹೋಗಿ, ಓರೆಯಕ್ಷರ ಓದಲು ಅವರ ಕಣ್ಣು ಬೇಕು. ಅದಕ್ಕೂ ಮೊದಲು ಒಂದು ಭಾನುವಾರ, ನಯಾಗರಾಕ್ಕೆ ಕರೆದೊಯ್ಯಲು ಅತಿಥಿಗಳಿಲ್ಲದ ಭಾನುವಾರ, ನದಿಯ ಕವಲಿನ ಮೇಲೆ ರೇಮಂಡ್ ಮೊರಿಯಾಮ ಕಟ್ಟಿದ ಮ್ಯೂಸಿಯಂ ಲಂಡನ್‌ಗೆ ಎಲ್ಲರೂ ಹೋಗೋಣ. ಕರ್ನೋ ಮತ್ತು ಚೇಂಬರ್ಸ್ ಇಬ್ಬರ ಕೆಲಸವೂ ಆ ಸಂಗ್ರಹದಲ್ಲಿದೆ. ಆ ದಿನ ಗೋಡೆಯ ಮೇಲೆ ಏನಿರುತ್ತದೆಂದು ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು.

ನನ್ನ ಮನೆಯ ಪುಟವನ್ನು ನಾನು ಬರೆದು ಮುಗಿಸಿದ್ದೇನೆ. ಸಂಪಾದಕರು ಕೇಳಿದ ದಿನ ಕಳಿಸುತ್ತೇನೆ. ಅದು ಒಂದೂವರೆ ಪುಟವಿದೆ, ಚಕ್ಕುಬಂದಿಯಿಂದ ಆರಂಭವಾಗುತ್ತದೆ: ಪೂರ್ವಕ್ಕೆ ನೆರೆಯವರ ಸೀಡರ್ ಬೇಲಿ, ಪಶ್ಚಿಮಕ್ಕೆ ಕಾಲುದಾರಿ, ಉತ್ತರಕ್ಕೆ ಹಿಂದೆ ಜೋಳದ ಹೊಲವಾಗಿದ್ದು ಈಗ ಮಳೆನೀರಿನ ಹೊಂಡವಾಗಿರುವ ತಗ್ಗು, ದಕ್ಷಿಣಕ್ಕೆ ರಸ್ತೆ, ಅದರಾಚೆ ಇಳಿಜಾರು, ಇಳಿಜಾರಿನ ಕೆಳಗೆ ದೆಶ್ಕನ್ ಜೀಬಿ.

ಇಂತಿ ನಮಸ್ಕಾರಗಳೊಂದಿಗೆ,
ನಿಮ್ಮಲ್ಲೊಬ್ಬ
ಲಂಡನ್, ಒಂಟಾರಿಯೊ